ಅತ್ತೆ ನನಗೆ ಗೈಡ್ ನೋಡಿದ್ದು

ಅವಲಕ್ಕಿಗೆ ಒಗ್ಗರಣೆ ಬಿದ್ದ ವಾಸನೆ ಎಲ್ಲಿಂದ ಬಂದರೂ, ಅಲ್ಲೇ ಹತ್ತಿರದಲ್ಲಿ ಯಾರದೋ ಮನೆಗೆ ಕನ್ಯೆ ನೋಡಲು ಬಂದಿದ್ದಾರೆ ಎಂದೇ ನನಗೆ ಅನ್ನಿಸುತ್ತದೆ. ನಮ್ಮ ಕಡೆ ಅವಲಕ್ಕಿಗೂ ಕನ್ಯೆಗೂ ಅಂಥ ನಂಟು. ಇವತ್ತು ಆ ವಾಸನೆ ಬರುತ್ತಿರುವುದು ನಮ್ಮದೇ ಅಡುಗೆಮನೆಯಿಂದ, ಒಗ್ಗರಣೆ ಹಾಕುತ್ತಿರುವವಳು ನಾನೇ. ಮುಶಿಗೇರಿಯಿಂದ ಒಬ್ಬ ಹುಡುಗಿ ತಂದೆಯ ಜೊತೆ ಬರುವವಳಿದ್ದಾಳೆ. ಮದುವೆಯ ಮಾತಿಗಲ್ಲ, ಅರ್ಥಶಾಸ್ತ್ರದ ಪಿಎಚ್.ಡಿ.ಗೆ. ನಾನು ಆಕೆಗೆ ಗೈಡ್ ಆಗಬಹುದೋ ಎಂದು ಕೇಳಲು ಬರುತ್ತಿದ್ದಾರೆ. ಪಡಸಾಲೆಯಲ್ಲಿ ನಮ್ಮ ಅತ್ತೆ ನೀಲವ್ವ ಪೆಟ್ಟಿಗೆಯೊಳಗಿನ ಸೀರೆ ತೆಗೆದು ಉಟ್ಟುಕೊಂಡು ಕೂತಿದ್ದಾರೆ. "ಈ ಸಲ ನಾವು ಗಂಡಿನ ಕಡಿಯವ್ರು" ಎಂದು ಬೆಳಗಿನಿಂದ ಹೇಳುತ್ತಲೇ ಇದ್ದಾರೆ.

ನಗಬೇಡಿ. ನಮ್ಮ ಮನೆಯಲ್ಲಿ ಪಿಎಚ್.ಡಿ. ಎಂಬುದು ಬಂದದ್ದೇ ಈ ದಾರಿಯಿಂದ.

ನಮ್ಮದು ಗಜೇಂದ್ರಗಡದ ನೇಕಾರರ ಮನೆ. ಮಗ್ಗಕ್ಕೆ ಕೂತವರಿಗೆ ಕೈಯೂ ಕಾಲೂ ದುಡಿಯುತ್ತವೆ, ಬಾಯಿ ಮಾತ್ರ ಖಾಲಿ ಇರುತ್ತದೆ. ಅತ್ತೆ ಆ ಖಾಲಿ ಬಾಯಿಯಿಂದಲೇ ರೋಣ, ನರಗುಂದ, ಗಜೇಂದ್ರಗಡದ ನಡುವೆ ಎಷ್ಟೋ ಮದುವೆ ಕೂಡಿಸಿದ್ದರು. ಕೂಡಿಸಿದವೆಲ್ಲ ಸುಖವಾಗಿವೆ ಎಂದು ನಾನು ಸುಳ್ಳು ಹೇಳಲಾರೆ. ಚಿಕ್ಕನರಗುಂದದ ಒಂದು ಜೋಡಿಯಂತೂ ಯಾವ ವಿಷಯದಲ್ಲೂ ಒಮ್ಮತಕ್ಕೆ ಬಂದದ್ದಿಲ್ಲ. ನಮ್ಮತ್ತೆಯನ್ನು ಬೈಯುವುದರಲ್ಲಿ ಮಾತ್ರ ಗಂಡ ಹೆಂಡತಿ ಇಬ್ಬರದೂ ಒಂದೇ ಮಾತು. ಆದರೆ ಅತ್ತೆಗೆ ತಮ್ಮ ಶಾಸ್ತ್ರದ ಮೇಲೆ ನಂಬಿಕೆ ಕದಲಿದ್ದಿಲ್ಲ. "ಗಂಡಿನ ತಾಯಿ ಹೇಳೂದನ್ನ ನಂಬಬಾರ್ದು. ಬಾಜೂ ಮನಿಯಾಕಿ ಹೇಳೂದನ್ನ ಅರ್ಧಾ ನಂಬಬೇಕು. ಆ ಮನಿಗೆ ಮೊದಲ ಬಂದ ಸೊಸಿ ಇರತಾಳಲ್ಲ, ಅಕಿ ಬಾಯಿ ಬಿಡದಿದ್ರೂ ಪೂರಾ ನಂಬಬೇಕು" ಎನ್ನುತ್ತಿದ್ದರು.

ಆಗ ನಾನು ರೋಣದ ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ. ಅತಿಥಿ ಎಂಬ ಮಾತಿಗೆ ಅಷ್ಟು ನ್ಯಾಯ ಒದಗಿಸಿದ ಹುದ್ದೆ ಇನ್ನೊಂದಿರಲಾರದು: ಬಂದಾಗ ಚಹಾ ಸಿಗುತ್ತದೆ, ಉಳಿಯಿರಿ ಎಂದು ಯಾರೂ ಅನ್ನುವುದಿಲ್ಲ. ಪಿಎಚ್.ಡಿ. ಮಾಡಬೇಕೆಂಬ ಆಸೆ ಮದುವೆಗೆ ಮುಂಚಿನಿಂದಲೂ ಇತ್ತು. ಮಗ ಶಾಲೆಗೆ ಹೋಗತೊಡಗಿದ ಮೇಲೆ ಮತ್ತೆ ಪುಸ್ತಕ ಹಿಡಿದು ಪ್ರವೇಶ ಪರೀಕ್ಷೆ ಬರೆದೆ, ಪಾಸೂ ಆದೆ. ಅಷ್ಟಕ್ಕೇ ಮುಗಿಯಲಿಲ್ಲ. ಅರ್ಜಿ ಹಾಕುವ ಮೊದಲು, ಸೀಟು ಖಾಲಿ ಇರುವ ಒಬ್ಬ ಗೈಡ್ ಒಪ್ಪಿ ಸಹಿ ಹಾಕಬೇಕು. ಸಹಿ ಇಲ್ಲದಿದ್ದರೆ ಪಾಸಾದದ್ದು ಆ ವರ್ಷಕ್ಕೆ ನೀರಿನಲ್ಲಿ ಹೋಮ. ಮತ್ತೆ ಓದಿ ಮತ್ತೆ ಬರೆಯುವ ಕಸುವು ನನ್ನಲ್ಲಿ ಉಳಿದಿರಲಿಲ್ಲ. ಈ ವರ್ಷ ಆಗದಿದ್ದರೆ ಇನ್ನು ಇಲ್ಲ ಎಂದು ನನ್ನಷ್ಟಕ್ಕೆ ನಾನೇ ತೀರ್ಮಾನ ಮಾಡಿಕೊಂಡಿದ್ದೆ.

ಗಂಡನನ್ನು ಜೊತೆಗೆ ಕರೆದೆ. "ಮಗ್ಗದ ಮ್ಯಾಲ ಸೀರಿ ಅರ್ಧಾ ಆಗೇತಿ, ನಾ ಹ್ಯಾಂಗ ಬರ್ಲಿ? ಅವ್ವನ್ನ ಕರ್ಕೊಂಡು ಹೋಗು" ಎಂದರು. ಅತ್ತೆ ಗೈಡ್ ಅಂದರೇನು ಎಂದು ಕೇಳಿದರು. ನಾನು ತಿಳಿಸಿ ಹೇಳಿದೆ: ನಾಲ್ಕೈದು ವರ್ಷ ಅವರ ಕೈಕೆಳಗೆ ಇರಬೇಕು, ಅವರು ಹೇಳಿದಂತೆ ಕೇಳಬೇಕು, ಅವರಿಗೆ ಸಿಟ್ಟು ಬಂದರೆ ಕೆಲಸ ನಿಲ್ಲುತ್ತದೆ, ಒಮ್ಮೆ ಹೋದ ಮೇಲೆ ಬಿಟ್ಟು ಬರುವುದು ಸುಲಭವಲ್ಲ.

"ಅಂದ್ರ ಅತ್ತಿ ಮನಿ ಅನ್ನು" ಎಂದರು ಅತ್ತೆ. "ಇದು ಸಂಬಂಧ ನೋಡೂ ಕೆಲಸ. ನಿನಗೇನು ತಿಳೀತೈತಿ, ನಾ ಬರತೀನಿ ನಡಿ."

ನನ್ನ ಮನಸ್ಸಿನಲ್ಲಿ ಗೈಡ್ ಆಗಲೇ ನಿಕ್ಕಿಯಾಗಿದ್ದರು. ದೊಡ್ಡ ಪ್ರೊಫೆಸರು, ದೊಡ್ಡ ಊರು. ಹೆಸರು ಬೇಡ, ನಾನು ಇನ್ನೂ ಇದೇ ಸೀಮೆಯಲ್ಲಿ ಬಸ್ಸು ಹತ್ತಿ ಇಳಿಯುವವಳು. ಅವರ ಭಾಷಣವನ್ನು ಒಮ್ಮೆ ಕೇಳಿ ಎರಡು ದಿನ ನೆಲದ ಮೇಲೆ ಕಾಲು ನಿಲ್ಲದ ಹಾಗೆ ಓಡಾಡಿದ್ದೆ. ಒಂದು ರವಿವಾರ ನಾನು ನನ್ನ ಸಂಶೋಧನಾ ಪ್ರಸ್ತಾವದ ಫೈಲು ಹಿಡಿದು, ಅತ್ತೆ ಶೇಂಗಾ ಹೋಳಿಗೆಯ ಡಬ್ಬಿ ಹಿಡಿದು, ಅವರ ಮನೆಯ ಬಾಗಿಲಿಗೆ ಹೋಗಿ ನಿಂತೆವು.

ಸರ್ ಪ್ರೀತಿಯಿಂದಲೇ ಬರಮಾಡಿಕೊಂಡರು. ಅವರ ಶಿಷ್ಯರೂ ಅಲ್ಲಿದ್ದರು. ಒಬ್ಬ ಗ್ಯಾಸ್ ಸಿಲಿಂಡರ್ ಹೊತ್ತು ತಂದ. ಇನ್ನೊಬ್ಬ ಮೂಲೆಯಲ್ಲಿ ಸರ್ ಅವರ ಮೊಮ್ಮಗನಿಗೆ ಮಗ್ಗಿ ಹೇಳಿಕೊಡುತ್ತಿದ್ದ. ಒಬ್ಬಾಕೆ ಚಹಾ ತಂದುಕೊಟ್ಟಳು. "ಇವರೆಲ್ಲಾ ನಿಮ್ಮ ಮಕ್ಕಳೇನ್ರಿ?" ಎಂದು ಅತ್ತೆ ಕೇಳಿದಾಗ ಸರ್ ಮನಸಾರೆ ನಕ್ಕು, "ಮಕ್ಕಳಿದ್ದ ಹಾಗೇ. ನನ್ನ ಸಂಶೋಧನಾ ವಿದ್ಯಾರ್ಥಿಗಳು" ಎಂದರು. ಅತ್ತೆ ನೀರು ಕುಡಿಯುವ ನೆಪ ಹೇಳಿ ಚಹಾ ತಂದ ಹುಡುಗಿಯ ಹಿಂದೆಯೇ ಅಡುಗೆಮನೆಗೆ ಹೋದರು.

ಸರ್ ತಮ್ಮ ವಿದೇಶ ಪ್ರವಾಸದ ಬಗ್ಗೆ ಹೇಳಿದರು. ತಮ್ಮನ್ನು ಸನ್ಮಾನಿಸಿದವರ ಬಗ್ಗೆ ಹೇಳಿದರು. ನನ್ನ ಫೈಲು ನನ್ನ ತೊಡೆಯ ಮೇಲೇ ಇತ್ತು. ಕೊನೆಗೆ, "ನೇಕಾರರ ವಿಷಯ ಅಂದೆಯಲ್ಲ? ಒಳ್ಳೆಯದು. ಎಲ್ಲಿ, ಸಹಿ ಎಲ್ಲಿ ಹಾಕಬೇಕು?" ಎಂದು ಜೇಬಿನಿಂದ ಪೆನ್ನು ತೆಗೆದರು. ನನಗೆ ಆಕಾಶಕ್ಕೆ ಮೂರೇ ಗೇಣು.

ಅಷ್ಟರಲ್ಲಿ ಅತ್ತೆ ಒಳಗಿನಿಂದ ಬಂದು ಕೈಮುಗಿದರು. "ಭಾಳ ಸಂತೋಷಾತ್ರಿ ಸರ. ಮನಿಗೆ ಹೋಗಿ, ಹಿರ್ಯಾರನ್ನ ಕೇಳಿ ತಿಳಸ್ತೀವ್ರಿ."

ನಮ್ಮ ಸೀಮೆಯಲ್ಲಿ ಈ ಮಾತಿನ ಅರ್ಥ ಹಸುಗೂಸಿಗೂ ಗೊತ್ತು. ಕನ್ಯೆ ನೋಡಲು ಹೋದಲ್ಲಿ ಹೀಗೆ ಹೇಳಿ ಎದ್ದರೆಂದರೆ ಆ ಸಂಬಂಧ ಅಲ್ಲಿಗೆ ಮುಗಿಯಿತು. ಸರ್ ಅವರಿಗೂ ಗೊತ್ತಿರಲೇಬೇಕು. ಪೆನ್ನು ಗಾಳಿಯಲ್ಲೇ ನಿಂತಿತು. "ತಿಳಸ್ತೀರಾ? ನನಗೆ?" ಎಂದರು.

"ಹೌದ್ರಿ. ಲಗೂನ ತಿಳಸ್ತೀವ್ರಿ" ಎಂದರು ಅತ್ತೆ. ಸರ್ ಪೆನ್ನಿನ ಟೊಪ್ಪಿಗೆ ಹಾಕಿ ಜೇಬಿಗಿಟ್ಟರು. ನಾನು ಫೈಲು ಎತ್ತಿಕೊಂಡು ಅತ್ತೆಯ ಹಿಂದೆ ಹೊರಟೆ.

ಬಸ್ಸು ಹತ್ತಿದ ಮೇಲೆ ಬಾಯಿ ಬಿಟ್ಟೆ. "ಅತ್ತೀ, ಇದು ಮದವಿ ಅಲ್ರಿ! ಎಷ್ಟು ಮಂದಿ ಅವರ ಬಾಗಲದಾಗ ಸಹಿಗೆ ನಿಂದರತಾರ, ಗೊತ್ತೈತೇನ್ರಿ ನಿಮಗ?"

"ನಿಂದರ್ಲಿ ಬಿಡು. ಕನ್ಯಾ ಭಾಳ ಬರತಾವ ಅಂದಕೂಡ್ಲೆ ಗಂಡು ಚಲೋ ಐತಿ ಅಂತೇನಿಲ್ಲ" ಎಂದರು ಅತ್ತೆ. ಆಮೇಲೆ ದನಿ ಇಳಿಸಿ, "ಆ ಚಹಾ ತಂದ ಹುಡುಗಿನ್ನ ಕೇಳಿದ್ನಿ. ಅಕಿ ಬರದು ಕೊಟ್ಟಿದ್ದನ್ನ ಅವ್ರು ಇನ್ನೂ ತಗದೂ ನೋಡಿಲ್ಲಂತ. ಯಾಕಂತ ಕೇಳಿದ್ರ ನಕ್ಕಳು. ಆ ನಗಿ ನಾ ಭಾಳ ಮನ್ಯಾಗ ನೋಡೀನಿ" ಎಂದರು.

ಬೇಡಿಕೆ ಪೂರೈಕೆ ಪಾಠ ಮಾಡುವ ನನಗೇ ಅತ್ತೆ ಪಾಠ ಮಾಡಿದ್ದರು, ಆದರೆ ಸಿಟ್ಟು ಇಳಿಯಲಿಲ್ಲ. ಅರ್ಜಿಯ ಕೊನೆಯ ದಿನ ಹತ್ತಿರ ಬಂದಿತ್ತು. ಕೈಗೆ ಬಂದ ತುತ್ತು ಬಾಯಿಗೆ ಬಾರದಂತೆ ಮಾಡಿದವರು ಪಕ್ಕದ ಸೀಟಿನಲ್ಲೇ ಕೂತು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದರೆ ಯಾರಿಗೆ ತಾನೇ ಸಮಾಧಾನವಿರುತ್ತದೆ? ನಾನು ಕಿಟಕಿಯ ಹೊರಗಿನ ಎರೆ ಹೊಲಗಳನ್ನೇ ಅವಕ್ಕೆ ಅವಮಾನವಾಗುವಷ್ಟು ದಿಟ್ಟಿಸಿ ನೋಡುತ್ತ ಕೂತೆ.

ನರಗುಂದದಲ್ಲಿ ಬಸ್ಸು ಬದಲಿಸಬೇಕು. ಇಳಿದ ಕೂಡಲೇ ಅತ್ತೆ, "ಇಲ್ಲೇ ಸರೋಜಾ ಅಂತ ಒಬ್ರು ಮೇಡಂ ಅದಾರಂತ. ಈ ವರ್ಷನ ಗೈಡ್ ಆಗ್ಯಾರಂತ, ರವಿವಾರಕ್ಕೊಮ್ಮೆ ಇಲ್ಲಿ ಮನಿಗೆ ಬರತಾರಂತ. ಆ ಹುಡುಗಿನ ಹೇಳಿದ್ಳು. ದಾರ್ಯಾಗ ಐತಿ, ನೋಡ್ಕೊಂಡ ಹೋಗೂಣು" ಎಂದರು. ಜಗಳವಾಡುವ ಶಕ್ತಿಯಿಲ್ಲದೆ ಹಿಂಬಾಲಿಸಿದೆ.

ಸರೋಜಾ ಮೇಡಂ ಅಂಗಳದಲ್ಲಿ ಒಣ ಮೆಣಸಿನಕಾಯಿಯ ತೊಟ್ಟು ಮುರಿಯುತ್ತ ಕೂತಿದ್ದರು. ನನಗಿಂತ ಒಂದೆರಡು ವರ್ಷ ದೊಡ್ಡವರಿರಬಹುದು, ಅಷ್ಟೇ. ವಿಷಯ ಹೇಳಿದೆವು. ಎದ್ದು ಕೈ ತೊಳೆದು, ಸೀನಿ, ಮತ್ತೆ ಕೈ ತೊಳೆದು, "ತರ್ರಿ ಇಲ್ಲೆ" ಎಂದು ಫೈಲು ತೆಗೆದುಕೊಂಡು ಕಟ್ಟೆಯ ಮೇಲೆ ಕೂತು ಓದತೊಡಗಿದರು. ನಾವು ಎದುರಿಗೆ ಕೂತೇ ಇದ್ದೆವು. ಅವರು ಮೊದಲ ಹಾಳೆಯಿಂದ ಕೊನೆಯ ಹಾಳೆಯವರೆಗೆ ತಲೆ ಎತ್ತಲಿಲ್ಲ.

"ಉತ್ತರ ಭಾಳ ಅದಾವ್ರಿ" ಎಂದರು. "ಪ್ರಶ್ನಿ ಎಲ್ಲೈತಿ?"

ನಾನು ಗಾಬರಿಯಾದೆ. ಅವರು ಬಿಡಲಿಲ್ಲ. "ನೇಕಾರ ಹೆಣ್ಮಕ್ಕಳು ದುಡದದ್ದು ಲೆಕ್ಕಕ್ಕ ಬರೂದಿಲ್ಲ ಅಂತ ಬರದೀರಿ. ಅದು ಎಲ್ಲಾರಿಗೂ ಗೊತ್ತಿದ್ದದ್ದು. ನಿಮಗ ಗೊತ್ತಿಲ್ಲದ್ದು ಏನೈತಿ? ಹುಡುಕಾಕ ಬರತೀರೋ, ಗೊತ್ತಿದ್ದದ್ದನ್ನ ತಿರಗಿ ಬರ್ಯಾಕ ಬರತೀರೋ?"

ಬೆಳಗಿನಿಂದ ನುಂಗಿಕೊಂಡ ಸಿಟ್ಟೆಲ್ಲ ಆ ಕಟ್ಟೆಯ ಮೇಲೆ ಹೊರಬಿತ್ತು. "ಗೊತ್ತಿಲ್ಲದ್ದು ಐತ್ರಿ!" ಎಂದೆ, ದನಿ ಏರಿಸಿಯೇ. "ನಮ್ಮ ಓಣ್ಯಾಗ ಸೀರಿಗೆ ರೇಟ್ ಇಳೀತಂದ್ರ ಗಂಡಸರು ಬ್ಯಾರೆ ಕೆಲಸಕ್ಕ ಹೋಗತಾರ, ಹೆಂಗಸರು ಮಗ್ಗಕ್ಕ ಕೂಡತಾರ. ರೇಟ್ ಏರತಂದ್ರ ಗಂಡಸರು ತಿರಗಿ ಬಂದು ಕೂಡತಾರ, ಹೆಂಗಸರು ಏಳತಾರ. ಏಳು ಅಂತ ಯಾರೂ ಅನ್ನೂದಿಲ್ರಿ, ತಾವಾ ಏಳತಾರ. ಯಾಕ ಅಂತ ನನಗ ಗೊತ್ತಿಲ್ಲ!"

ಮೇಡಂ ಫೈಲನ್ನು ಮುಚ್ಚಿ ನನ್ನ ಕೈಗೆ ಕೊಡುತ್ತ, "ಇದನ್ನ ಯಾಕ ಬರದಿಲ್ರಿ ಮತ್ತ?" ಎಂದರು. ಅಷ್ಟು ವರ್ಷ ಓದಿದ್ದೆ, ಓದಿಸಿದ್ದೆ. ನನಗೆ ಗೊತ್ತಿಲ್ಲದ್ದು ಏನು ಎಂದು ಯಾರೂ ಅಷ್ಟು ಆಸ್ಥೆಯಿಂದ ಕೇಳಿರಲಿಲ್ಲ.

ಈಗ ಅತ್ತೆಯ ಸರದಿ. "ನಿಮ್ಮ ಕೈಯಾಗ ಮುಗಿಸಿದವ್ರು ಎಷ್ಟು ಮಂದಿರಿ?"

"ಯಾರೂ ಇಲ್ರಿ. ಬಂದ್ರ ನಿಮ್ಮ ಸೊಸಿನ ಮೊದಲನೇದಾಕಿ."

"ಲಗ್ನ ಆಗೇತೇನ್ರಿ?"

"ಇಲ್ರಿ. ಹುಡುಕಬ್ಯಾಡ್ರಿ ಮತ್ತ" ಎಂದು ಮೇಡಂ ನಕ್ಕರು. ಅತ್ತೆ ನಗಲಿಲ್ಲ.

ಬಸ್ ಸ್ಟ್ಯಾಂಡಿನಲ್ಲಿ ಖಾರದ ಮಂಡಕ್ಕಿಯ ಗಿರಮಿಟ್ ಕಟ್ಟಿಸಿಕೊಂಡು ಬೆಂಚಿನ ಮೇಲೆ ಕೂತೆವು. ಅತ್ತೆ ತೀರ್ಪು ಕೊಟ್ಟರು. "ಬ್ಯಾಡ. ಮೊದಲನೇ ಸೊಸಿ ಆಗಿ ಹೋಗೂದು ಕಷ್ಟ ಐತಿ. ಬಾಯಿನೂ ಭಾಳ ಜೋರ. ನೋಡಾಕ ಬಂದಾಕಿನ್ನ ಹಿಂಗ ಬೈದ್ರ, ಬಾಳ್ವಿ ಮಾಡಾಕ ಬಂದಾಕಿನ್ನ ಬಿಡತಾರ?" ಬಾಯಿ ಜೋರು ಎಂದು ನಮ್ಮ ಅತ್ತೆ ಇನ್ನೊಬ್ಬರಿಗೆ ಅಂದದ್ದು ಗಜೇಂದ್ರಗಡಕ್ಕೆ ಕೇಳಿಸಿದ್ದರೆ ಊರೇ ನಗುತ್ತಿತ್ತು.

ಅತ್ತೆ ನನ್ನ ಮುಖ ನೋಡಿದರು. "ಯಾಕ ನಗಾಕ್ಹತ್ತಿ?" ನಾನು ನಗುತ್ತಿದ್ದೆ ಎಂಬುದು ನನಗೇ ಗೊತ್ತಿರಲಿಲ್ಲ. ಅವರು ಗಿರಮಿಟ್ಟಿನ ಪೊಟ್ಟಣವನ್ನು ಪಕ್ಕಕ್ಕಿಟ್ಟು, ಸೆರಗಿನಿಂದ ಕೈ ಒರೆಸಿಕೊಂಡು ಕೇಳಿದರು: "ನಿನ್ನ ಮನಸಿನ್ಯಾಗ ಏನೈತಿ? ನಿನಗ ಒಪ್ಪಿಗಿ ಐತೇನು?"

ನಿಮಗೆ ಇದೊಂದು ದೊಡ್ಡ ಮಾತು ಅನ್ನಿಸಲಿಕ್ಕಿಲ್ಲ. ನನ್ನನ್ನು ನೋಡಲು ಬಂದಾಗ ಇದೇ ಅತ್ತೆ ನನ್ನನ್ನು ನಡೆಸಿ ನೋಡಿದ್ದರು, ಸೂಜಿಗೆ ದಾರ ಪೋಣಿಸಿದ್ದು ನೋಡಿದ್ದರು, "ರೊಟ್ಟಿ ಬಡೀತಿಯೇನವಾ?" ಎಂದು ಕೇಳಿದ್ದರು. ಒಪ್ಪಿಗೆ ಅವರದಿತ್ತು, ನಮ್ಮಪ್ಪನದಿತ್ತು, ಸೋದರಮಾವನದಿತ್ತು. ನನ್ನದನ್ನು ಯಾರೂ ಕೇಳಲಿಲ್ಲ. ಕೇಳಬೇಕೆಂದು ನನಗೂ ಹೊಳೆಯಲಿಲ್ಲ. ಒಳ್ಳೆಯ ಗಂಡ ಸಿಕ್ಕದ್ದು ನನ್ನ ಪುಣ್ಯ. ಆದರೆ ಆ ಬೆಂಚಿನ ಮೇಲೆ ಆ ಪ್ರಶ್ನೆ ಕೇಳಿಸಿಕೊಂಡಾಗ ಕಣ್ಣಲ್ಲಿ ನೀರು ಬಂತು, ಖಾರ ಎಂದು ಸುಳ್ಳು ಹೇಳಲಿಲ್ಲ.

"ಐತ್ರಿ ಅತ್ತಿ. ಭಾಳ ಒಪ್ಪಿಗಿ ಐತ್ರಿ."

ಅತ್ತೆ ಒಂದು ಗಳಿಗೆ ಯೋಚಿಸಿದರು. "ನನಗ ಇಲ್ಲ" ಎಂದರು. "ಆದ್ರ ಅಲ್ಲಿ ಇರಾಕಿ ನೀನು. ಏಳು, ಮಾತು ಪಕ್ಕಾ ಮಾಡ್ಕೊಂಡು ಬರೂಣು." ರೋಣದ ಬಸ್ಸು ಅಷ್ಟರಲ್ಲಿ ಬಂದು ನಿಂತಿತ್ತು. ಅದನ್ನು ಬಿಟ್ಟು ಇಬ್ಬರೂ ತಿರುಗಿ ಮೇಡಂ ಮನೆಗೆ ನಡೆದೆವು.

ಮುಂದಿನ ವರ್ಷಗಳಲ್ಲಿ ಮೇಡಂ ಬೈದದ್ದು ಅಷ್ಟಿಷ್ಟಲ್ಲ. ಆ ವಿಷಯದಲ್ಲಿ ಅತ್ತೆಯ ಅಂದಾಜು ಅಕ್ಷರಶಃ ನಿಜವಾಯಿತು. ನಾನೂ ತಿರುಗಿ ವಾದಿಸಿದೆ, ಬರೆದದ್ದನ್ನು ಹರಿದೆ, ಮತ್ತೆ ಬರೆದೆ, ಅಂತೂ ಮುಗಿಸಿದೆ. ನೌಕರಿಯೂ ಆಯಿತು, ಈ ವರ್ಷ ಗೈಡ್ ಆಗುವ ಅರ್ಹತೆಯೂ ಬಂತು.

ಇವತ್ತು ಮುಶಿಗೇರಿಯವರು ಬಂದು, ಅವಲಕ್ಕಿ ತಿಂದು, ಚಹಾ ಕುಡಿದರು. ಹುಡುಗಿಯ ಫೈಲನ್ನು ನಾನು ಅವರೆದುರಿಗೇ ಓದಿದೆ. ಚೆನ್ನಾಗಿತ್ತು, ಹೊಟ್ಟೆಕಿಚ್ಚಾಗುವಷ್ಟು ಚೆನ್ನಾಗಿತ್ತು. ಆಗಲೇ ನನ್ನ ಮೊದಲ ವಿದ್ಯಾರ್ಥಿನಿ ಎಂದು ಮನಸ್ಸಿನಲ್ಲೇ ಆಕೆಯ ಹೆಸರು ಬರೆದುಕೊಂಡೂ ಬಿಟ್ಟೆ. ಆದರೆ ನಾನು ಏನು ಕೇಳಿದರೂ ಉತ್ತರ ಕೊಡುತ್ತಿದ್ದವರು ಅವಳ ತಂದೆ. ನಾನು ಅತ್ತೆಗೆ ಸನ್ನೆ ಮಾಡಿದೆ. "ಬರ್ರಿ ಅಣ್ಣಾರ, ನಮ್ಮ ಮಗ್ಗ ನೋಡೀರಂತ" ಎಂದು ಅವರನ್ನು ಒಳಗೆ ಕರೆದುಕೊಂಡು ಹೋದರು.

"ಈಗ ಹೇಳವಾ, ನಿನ್ನ ಮನಸಿನ್ಯಾಗ ಏನೈತಿ?" ಎಂದೆ.

ಹುಡುಗಿ ಬಾಗಿಲ ಕಡೆ ನೋಡಿದಳು. "ಖರೇ ಹೇಳ್ಲೇನ್ರಿ ಮೇಡಂ? ಸಿಟ್ಟಾಗಬಾರ್ದ್ರಿ. ನನಗ ಸರೋಜಾ ಮೇಡಂ ಕಡೆ ಮಾಡೂದೈತ್ರಿ. ನಮ್ಮಪ್ಪ ಗಜೇಂದ್ರಗಡ ಸಮೀಪ ಐತಿ ಅಂತ ಇಲ್ಲಿ ಕರ್ಕೊಂಡು ಬಂದಾನ್ರಿ."

ಚುರ್ ಎಂದಿತು, ಸುಳ್ಳೇಕೆ ಹೇಳಲಿ. ಪೆನ್ನು ಗಾಳಿಯಲ್ಲಿ ನಿಂತರೆ ಹೇಗಿರುತ್ತದೆಂದು ತಿಳಿದು ಅವತ್ತಿನ ಆ ಸರ್ ಅವರ ಮೇಲೂ ಒಂದಿಷ್ಟು ಕನಿಕರ ಬಂತು. ಆದರೆ ಹೇಳಿದ ಮೇಲೆ ಆ ಹುಡುಗಿಯ ಮುಖ ನೋಡಿದೆ, ಒಂದು ಭಾರ ಇಳಿಸಿದವಳ ಹಾಗೆ ಸುಮ್ಮನೆ ಕೂತಿದ್ದಳು. ನನಗೆ ನಗು ಬಂತು, ಸಂತೋಷದ ನಗು. ಒಳಗೆ ಹೋಗಿ ಅತ್ತೆಯ ಕಿವಿಯಲ್ಲಿ ಹೇಳಿದೆ. "ನಮ್ಮನ್ನ ಬ್ಯಾಡ ಅಂದ್ಳೇನು!" ಎಂದು ಅವರು ಗಂಡಿನ ಕಡೆಯವರಿಗೆ ತಕ್ಕಂತೆ ಸಿಟ್ಟಾದರು. ಆಮೇಲೆ, "ಅಪ್ಪನ್ನ ನಾ ನೋಡ್ಕೋತೀನಿ. ನೀ ಮದ್ಲ ಅಲ್ಲಿ ಖಾಲಿ ಐತೇನು ಕೇಳು, ಲಗೂ" ಎಂದರು.

ಫೋನು ತೆಗೆದು ನರಗುಂದಕ್ಕೆ ಹಚ್ಚಿದೆ. ಮೇಡಂ ಎಂದಿನಂತೆ ಜೋರು ದನಿಯಲ್ಲೇ ಎತ್ತಿದರು. ನಾನು ಒಮ್ಮೆ ಕೆಮ್ಮಿ ಗಂಟಲು ಸರಿಮಾಡಿಕೊಂಡೆ.

"ಮೇಡಂ, ಆರಾಮ ಅದೀರೇನ್ರಿ? ನಮ್ಮ ಮುಶಿಗೇರ್ಯಾಗ ಒಂದು ಚಲೋ ಹುಡುಗಿ ಐತ್ರಿ. ಹುಡುಗಿಗೆ ಒಪ್ಪಿಗಿ ಐತ್ರಿ."