ಎಡಗೈ ಹೊಸೆದ ತಂತಿ

ಆಗ ನನಗೆ ಅರವತ್ತೊಂದು ವರ್ಷ. ಆರು ವರ್ಷದ ಹಿಂದಿನ ಮಾತು. ಇಳಕಲ್ಲಿನಲ್ಲಿ ನನ್ನ ತಮ್ಮ ಸಂಗಪ್ಪನ ಗ್ಯಾರೇಜಿನಲ್ಲಿ ವೈರಿಂಗ್ ಕೆಲಸ ನನ್ನದು. ಅದಕ್ಕೂ ಮೊದಲು ಇಪ್ಪತ್ತು ವರ್ಷ ನೇಕಾರರ ಮನೆಗಳಲ್ಲಿ ಹಾಸು ಕೆಚ್ಚುತ್ತಿದ್ದೆ. ಮಗ್ಗದ ಮೇಲೆ ಮುಗಿದ ಒಂದೊಂದು ಎಳೆಗೂ ಹೊಸ ಎಳೆಯನ್ನು ಬೆರಳಲ್ಲೇ ಹೊಸೆದು ಕೂಡಿಸುವ ಕೆಲಸ ಅದು. ನನ್ನ ಓದು ಎರಡನೇ ಇಯತ್ತೆ. ಗಾಡಿಯ ದೋಷ ತೋರಿಸುವ ಸ್ಕ್ಯಾನರಿನ ಇಂಗ್ಲಿಷ್ ತಮ್ಮ ಓದುತ್ತಾನೆ, ತಂತಿ ನಾನು ಹುಡುಕುತ್ತೇನೆ.

ಒಂದು ಗುರುವಾರ ಮಧ್ಯಾಹ್ನ ನಮ್ಮ ಗಿರಾಕಿ ಬಸಪ್ಪ ತನ್ನ ಕಾರು ತಂದ. ಪಕ್ಕದಲ್ಲಿ ಹೆಂಡತಿ ಗಂಗವ್ವ. ಅವಳಿಗೆ ಕಿಡ್ನಿ ಕೆಟ್ಟಿತ್ತು. ವಾರಕ್ಕೆ ಎರಡು ಸಲ ಡಯಾಲಿಸಿಸ್‌ಗೆ ಬಾಗಲಕೋಟೆಗೆ ಹೋಗಲೇಬೇಕು. ಮರುದಿನ ಮತ್ತೆ ಪಾಳಿ.

"ಸಂಗಪ್ಪಾ, ಒಂದ ತಿಂಗಳದಾಗ ಎರಡ ಸೆನ್ಸರ್ ಹಾಕೀದಿ. ಮೊನ್ನೆ ಹುನಗುಂದದ ಹಂತೇಕ ಮತ್ತ ನಿಂತು, ಈಕಿನ್ನ ಬಿಸಲಾಗ ಕುಂಡ್ರಿಸಿದೆ. ಇದನ್ನ ಗುಜರಿಗೆ ಹಾಕ್ಲೇನು?"

"ಅದರ ಕೂಡ ನನ್ನೂ ಹಾಕ್ರಿ," ಎಂದಳು ಗಂಗವ್ವ. "ಇಬ್ಬರದೂ ಸೆನ್ಸರ್ ಹೋಗೇತಿ."

ಸಂಗಪ್ಪ ಸ್ಕ್ಯಾನರ್ ಹಚ್ಚಿದ. "ಅಕ್ಕಾ, ಮತ್ತ ಕ್ರ್ಯಾಂಕ್ ಸೆನ್ಸರ್ ತೋರಸಾಕತ್ತೇತಿ. ಮೂರನೇದು ತರ್ತೇನಿ."

ಎಂಜಿನ್ ತಿರುಗುತ್ತಿದೆ ಎಂದು ಕಾರಿನ ಕಂಪ್ಯೂಟರಿಗೆ ಸುದ್ದಿ ಕೊಡುವುದು ಈ ಸೆನ್ಸರ್. ಸುದ್ದಿ ಮುಟ್ಟದಿದ್ದರೆ ಎಂಜಿನ್ ನಿಲ್ಲುತ್ತದೆ.

"ಸುದ್ದಿ ಹೇಳಾವ ಚಲೋ ಅದಾನ. ದಾರಿ ಕೆಟ್ಟಿರಬೇಕು. ನೀ ಬಾಜೂಕ ಸರಿ," ಎಂದೆ.

ಸೆನ್ಸರಿನ ತಂತಿಗೆ ಮೀಟರ್ ಹಚ್ಚಿದೆ. ತಂತಿ ಕಡಿದಿರದಿದ್ದರೆ ಅದು ಕೂಗುತ್ತದೆ. ಕೂಗಿತು. ನಿಂತ ಕಾರಿನಲ್ಲಿ ಎಲ್ಲ ತಂತಿಯೂ ಸರಿಯಾಗಿಯೇ ಕಾಣುತ್ತದೆ. ಅದಕ್ಕೇ ಗೇಣು ಗೇಣಾಗಿ ಅಲುಗಾಡಿಸುತ್ತ ಹೋದೆ. ಟೇಪು ಸುತ್ತಿದ ಒಂದು ಕಡೆ ಕೂಗು ನಿಂತಿತು. ಬಿಚ್ಚಿದೆ. ಒಳಗೆ ಯಾರೋ ಎರಡು ತುದಿ ಹೊಸೆದು ಕೂಡಿಸಿದ್ದರು, ತಾಮ್ರ ಹಸಿರುಗಟ್ಟಿತ್ತು. ಹೊಸೆತ ಎಡಕ್ಕೆ ತಿರುಗಿತ್ತು. ನಮ್ಮ ಗ್ಯಾರೇಜಿನಲ್ಲಿ ಎಡಚಿ ನಾನೊಬ್ಬಳೇ.

ನೆನಪಾಯಿತು. ಮಳೆಗಾಲದಲ್ಲಿ ಈ ತಂತಿಯನ್ನು ಇಲಿ ಕಡಿದಿತ್ತು. ಕರೆಂಟ್ ಇರಲಿಲ್ಲ. ಬೆಸುಗೆ ಆಮೇಲೆ ಹಾಕೋಣವೆಂದು ನೂಲಿನಂತೆ ಕೆಚ್ಚಿ, ಟೇಪು ಸುತ್ತಿ, ಮರೆತಿದ್ದೆ.

ಸಂಗಪ್ಪನಿಗೂ ಗೊತ್ತಾಯಿತು. "ಇಲಿ ಕಡದೇತಿ, ಬಸಪ್ಪಾ," ಎಂದ.

"ಇಲಿ ಕೆಚ್ಚೂದಿಲ್ಲೋ. ಇದು ನನ್ನ ಕೈ. ತಪ್ಪು ನಂದ, ಗಂಗವ್ವಾ."

ಬಸಪ್ಪ ಮುಖ ತಿರುಗಿಸಿದ. ಗಂಗವ್ವ ನನ್ನನ್ನು ಅಡಿಯಿಂದ ಮುಡಿವರೆಗೆ ನೋಡಿದಳು. "ಹಂಗಾರ ನಾಳೆ ನೀನೂ ಬಾ, ಯಕ್ಕಾ. ನಿಂತ್ರ ನೀನ ನೂಕು."

ಹೊಸ ತಂತಿಯ ತುಂಡು ಸೇರಿಸಿ, ಬೆಸುಗೆ ಹಾಕಿ, ಕಾವಿಗೆ ಬಿಗಿಯುವ ಕೊಳವೆ ತೊಡಿಸಿದೆ. ಎಂಜಿನ್ ಚಾಲು ಇಟ್ಟು ತಂತಿ ಜಗ್ಗಿದೆ, ನಿಲ್ಲಲಿಲ್ಲ.

ಕೆಚ್ಚಿದ ನೂಲು ನಾಲ್ಕು ಮೊಳ ಸರಿದರೆ ಬಟ್ಟೆಯೊಳಗೆ ಕುಳಿತುಬಿಡುತ್ತದೆ. ತಂತಿಗೆ ದಿನವೂ ನಡುಕ, ದಿನವೂ ಕಾವು. ಮಗ್ಗದ ಮನೆಯಲ್ಲಿ ನನ್ನ ಹೆಸರು ಉಳಿಸಿದ ಬೆರಳೇ ಇಲ್ಲಿ ಕಾರು ಕೆಡಿಸಿತ್ತು. ಇದನ್ನು ಯಾವ ಸ್ಕ್ಯಾನರೂ ತೋರಿಸುವುದಿಲ್ಲ, ಮಾಡಿದವರೇ ಹೇಳಬೇಕು.

ಮರುದಿನ ಬೆಳಿಗ್ಗೆ ಅವರ ಕಾರಿನ ಹಿಂದಿನ ಸೀಟಿನಲ್ಲಿ ಕುಳಿತು ಬಾಗಲಕೋಟೆಗೆ ಹೋದೆ. ಎಲ್ಲಿಯೂ ಇಳಿದು ನೂಕಲಿಲ್ಲ. ಗಂಗವ್ವ ಒಳಗೆ ಹೋದ ಮೇಲೆ ದವಾಖಾನೆಯ ಮೆಟ್ಟಿಲ ಮೇಲೆ ಕುಳಿತು ಸಂಗಪ್ಪನಿಗೆ ಫೋನ್ ಮಾಡಿದೆ: "ಮಳಿಗಾಲದಾಗ ನಾ ಕೈ ಹಚ್ಚಿದ ಗಾಡಿ ಎಲ್ಲಾ ಕರಸು. ಟೇಪ್ ಬಿಚ್ಚಿ ನೋಡ್ತೇನಿ."