ಇನ್ನೂ ನೀರಿರುವ ಕಾಯಿ

ದೆವ್ವ ಕಂಡೆ, ದನಿ ಕೇಳಿದೆ ಎನ್ನುವವರಿಗೆ ಹೊಟ್ಟೆ ತುಂಬ ಉಂಡು ಕಣ್ತುಂಬ ನಿದ್ದೆ ಮಾಡಿ ಎಂದು ಹೇಳುತ್ತಿದ್ದವಳು ನಾನು. ಅರಿವಳಿಕೆ ಕೊಡುವ ವೈದ್ಯೆ ಇಂಥದ್ದನ್ನೆಲ್ಲ ನಂಬಿಕೊಂಡು ಕೂತರೆ ಕೆಲಸ ಆದೀತೇ? ಹಾಗಿದ್ದೂ ಇದನ್ನು ಬರೆಯುತ್ತಿದ್ದೇನೆ. ನಗುವವರು ನಗಲಿ.

ಎಂಬತ್ತರ ದಶಕದ ಆರಂಭ. ತಿಪಟೂರಿನ ಒಂದು ಪುಟ್ಟ ನರ್ಸಿಂಗ್ ಹೋಂನಲ್ಲಿ ನನ್ನ ಕೆಲಸ. ನೊಣವಿನಕೆರೆ ಕಡೆಯ ಅಜ್ಜಿಯೊಬ್ಬರು ಪುಟ್ಟ ಮೊಮ್ಮಗಳು ಗೌರಿಯನ್ನು ಟಾನ್ಸಿಲ್ ಆಪರೇಷನ್ನಿಗೆ ಕರೆತಂದಿದ್ದರು. ಮಕ್ಕಳಿಗೆ ಈಚೆಗೆ ನೆಗಡಿ ಕೆಮ್ಮು ಬಂದುಹೋಗಿದ್ದರೆ ನಾವು ಅರಿವಳಿಕೆ ಕೊಡಲು ಹಿಂಜರಿಯುತ್ತೇವೆ. ಮೇಲೆ ವಾಸಿಯಾದಂತೆ ಕಂಡರೂ ಉಸಿರಿನ ದಾರಿ ಕೆಲವು ವಾರ ಕೆರಳಿಕೊಂಡೇ ಇರುತ್ತದೆ. ಮಂಪರಿನಲ್ಲಿ ಗಂಟಲು ಬಿಗಿದುಕೊಂಡರೆ ಮಗು ಉಸಿರೆಳೆಯಲಾರದು. ಅದಕ್ಕೇ ಕೇಳಿದ್ದೆ. "ನೆಗಡಿಗಿಗಡಿ ಏನೂ ಇಲ್ಲ ಡಾಕ್ಟ್ರಮ್ಮ" ಎಂದಿದ್ದರು ಅಜ್ಜಿ. ಸ್ಟೆತಾಸ್ಕೋಪ್ ಇಟ್ಟು ನೋಡಿದಾಗಲೂ ಎದೆಯಲ್ಲಿ ತೊಂದರೆಯೇನೂ ಕೇಳಿಸಲಿಲ್ಲ.

ಬೆಳಗಿನ ಹೊತ್ತು. ಮೇಜಿನ ಮೇಲೆ ಮಲಗಿದ್ದ ಗೌರಿಯ ಮುಖದ ಹತ್ತಿರ ಮಾಸ್ಕ್ ತಂದೆ. ಆಗ ನನ್ನ ಬೆನ್ನ ಹಿಂದೆಯೇ ತೆಂಗಿನಕಾಯಿ ಅಲ್ಲಾಡಿಸಿದ ಸದ್ದು. ಅದರ ಬೆನ್ನಿಗೇ, ಸ್ಪಷ್ಟವಾಗಿ, "ಇನ್ನೂ ನೀರೈತೆ ಕಣವ್ವ. ಈಗ್ಲೇ ಬ್ಯಾಡ, ಇಡು."

ನಮ್ಮಪ್ಪನ ದನಿ. ಅಪ್ಪ ತೀರಿಕೊಂಡು ಆಗಲೇ ಕೆಲವು ವರ್ಷಗಳಾಗಿದ್ದವು. ಮಾಯಸಂದ್ರದ ನಮ್ಮ ಮನೆಯಲ್ಲಿ ಕೊಬ್ಬರಿಗೆಂದು ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗಲು ಬಿಟ್ಟ ಕಾಯಿಗಳನ್ನು ಅವರು ಒಂದೊಂದಾಗಿ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಿದ್ದರು. ಒಳಗೆ ನೀರು ಕುಲುಕಿದರೆ ಇದೇ ಮಾತು ಹೇಳಿ ನನ್ನ ಕೈಗೆ ಕೊಡುತ್ತಿದ್ದರು. ನಾನು ಅದನ್ನು ಮತ್ತೆ ಅಟ್ಟಕ್ಕೆ ಸೇರಿಸುತ್ತಿದ್ದೆ. ಅವಸರಪಟ್ಟು ಒಡೆದರೆ ಕೊಬ್ಬರಿ ಕೆಟ್ಟುಹೋಗುತ್ತಿತ್ತು.

ತಿರುಗಿ ನೋಡಿದೆ. ಗೋಡೆ ಬಿಟ್ಟರೆ ಅಲ್ಲಿ ಏನೂ ಇರಲಿಲ್ಲ. ಮಾಸ್ಕ್ ಕೆಳಗಿಟ್ಟು, ಸರ್ಜನ್ ಸಿಡುಕಿದರೂ ಕೇಳದೆ ಹೊರಗೆ ಹೋಗಿ, ಅಜ್ಜಿಯ ಕೈ ಹಿಡಿದು "ನಿಜ ಹೇಳಿ ಅಜ್ಜಿ" ಎಂದೆ. ಅವರು ಅತ್ತೇಬಿಟ್ಟರು. "ಮೊನ್ನೆಗಂಟ ಕೆಮ್ತಿತ್ತು ಕಣವ್ವ. ಒಳ್ಳೆ ದಿನ ನೋಡ್ಸಿದ್ವಿ, ತಪ್ಪಿಸ್ಬಾರ್ದು ಅಂತ ಅರಿಶಿನದ ಕೊಂಬು ಸುಟ್ಟು ಹೊಗೆ ಕೊಟ್ಟು, ಮೂಗು ಒಣಗಿಸ್ಕಂಡು ಕರ್ಕಂಬಂದೆ."

ಬೈಯಲು ಮನಸ್ಸು ಬರಲಿಲ್ಲ. ಪೂರ್ತಿ ವಾಸಿಯಾಗಿ ಕೆಲವು ವಾರ ಕಳೆದ ಮೇಲೆ ಬನ್ನಿ ಎಂದು ಕಳಿಸಿದೆ.

ಮತ್ತೆ ಬಂದಾಗ ಗೌರಿ ಕೆನ್ನೆ ತುಂಬಿಕೊಂಡಿದ್ದಳು. ಮಾಸ್ಕಿಗೆ ಹೆದರಲೂ ಇಲ್ಲ. ನನ್ನ ಹೆಗಲಾಚೆ ಇಣುಕಿ, "ಅವತ್ತು ಇಲ್ಲಿ ನಿಂತ್ಕಂಡು ಕಾಯಿ ಅಲ್ಲಾಡಿಸ್ತಿದ್ರಲ್ಲ ತಾತ, ಇವತ್ತು ಬಂದಿಲ್ವಾ?" ಎಂದಳು.

ಆ ದನಿಯ ವಿಷಯವನ್ನು ನಾನು ಯಾರಿಗೂ ಹೇಳಿರಲಿಲ್ಲ, ನನ್ನ ಗಂಡನಿಗೂ. ಗೌರಿ ಸರಾಗವಾಗಿ ಉಸಿರಾಡುತ್ತ ಮಲಗಿದಳು, ಸರಾಗವಾಗಿಯೇ ಎದ್ದಳು. ಎದ್ದ ಮೇಲೆ ಕೇಳಿದರೆ ಯಾವ ತಾತನೂ ನೆನಪಿಲ್ಲ. ನಾನು ಐಸ್‌ಕ್ರೀಮ್ ಕೊಡಿಸುತ್ತೇನೆ ಎಂದದ್ದು ಮಾತ್ರ ಚೆನ್ನಾಗಿ ನೆನಪಿತ್ತು.

ಮೊದಲ ದಿನ ಅವಳ ಕೂದಲಿನಲ್ಲಿ ಉಳಿದಿದ್ದ ಅರಿಶಿನದ ಹೊಗೆಯ ವಾಸನೆ ನನ್ನ ಮನಸ್ಸಿಗೆ ಸುಳಿವು ಕೊಟ್ಟಿರಬೇಕು ಎಂದು ಅದುವರೆಗೆ ಸಮಾಧಾನ ಹೇಳಿಕೊಂಡಿದ್ದೆ. ಆದರೆ ಗೌರಿ ಕಂಡದ್ದೇನು? ಇವತ್ತಿಗೂ ನನಗೆ ಗೊತ್ತಿಲ್ಲ. ಮಕ್ಕಳ ಮುಖದ ಹತ್ತಿರ ಮಾಸ್ಕ್ ಒಯ್ಯುವಾಗ ಒಂದು ಗಳಿಗೆ ತಡೆದು ಕಿವಿಗೊಡುತ್ತೇನೆ. ಏನೂ ಕೇಳಿಸದಿದ್ದರೆ, ಸರಿ ಅಪ್ಪಾ ಎಂದುಕೊಂಡು ಮುಂದುವರಿಯುತ್ತೇನೆ.