ಗೆರೆ ಹೇಳಿದ ಎತ್ತರ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ದೊಡ್ಡಾಸ್ಪತ್ರೆಯ ಹಿಂಬದಿಯಲ್ಲಿರುವ ಕೃತಕ ಕಾಲಿನ ಕಾರ್ಯಾಗಾರದಲ್ಲಿ ಆಗಲೇ ಉಪ್ಪುಕಾಗದ ತಿಕ್ಕುವ ಸದ್ದು. ಹುಬ್ಬಿನವರೆಗೂ ಪ್ಲಾಸ್ಟರ್ ಧೂಳು ಮೆತ್ತಿಕೊಂಡವರೊಬ್ಬರು, ಮೊಂಡುಗಾಲು ಕೂರುವ ಬಟ್ಟಲಿನ ಅಂಚನ್ನು ತಿಕ್ಕಿ ತಿಕ್ಕಿ ಕೆನ್ನೆಗೆ ಒತ್ತಿ ನೋಡುತ್ತಿದ್ದಾರೆ.

"ಕೈಗೆ ಗೊತ್ತಾಗಲ್ಲ, ಜಡ್ಡುಗಟ್ಟಿಬಿಟ್ಟಿದೆ. ಕೆನ್ನೆಗೆ ಚುಚ್ಚಿದ್ರೆ ಅವರಿಗೆ ಹುಣ್ಣಾಗುತ್ತೆ ಅಂತಲೇ ಲೆಕ್ಕ," ಎನ್ನುತ್ತಾರೆ.

ಆಸ್ಪತ್ರೆಯವರ ಬಾಯಲ್ಲಿ ಇವರು 'ಅಳತೆ ಅಣ್ಣ'. ಸ್ವಂತ ಹೆಸರು ಹೆಂಡತಿಗೂ ಮರೆತುಹೋಗಿರಬೇಕು ಎಂದು ಅವರೇ ನಗುತ್ತಾರೆ. ಇಂದು ಮಾತ್ರ ನಗು ತುಟಿಯಿಂದಾಚೆ ಹೋಗುತ್ತಿಲ್ಲ. ಬಟ್ಟಲುಗಳ ಕೆಳಗೆ ಜೋಡಿಸಿದ ಎರಡು ಪೈಪುಗಳನ್ನು ಅವರಿನ್ನೂ ಹಳೇ ಕಾಲಿನ ಅಳತೆಗೆ ಕತ್ತರಿಸಿಲ್ಲ. ಕಾಲು ತೊಡುವವರು ಬಂದ ಮೇಲೆ ಕೇಳಿಯೇ ಕತ್ತರಿಸಬೇಕು ಎಂದು ಕಾದು ಕೂತಿದ್ದಾರೆ.

ಒಂದು ಕಾಲು ಹೋದವರದು ಸುಲಭ. ಇನ್ನೊಂದು ಕಾಲು ನೋಡಿ ಅಳೆದರಾಯಿತು. ಎರಡೂ ಹೋದವರಿಗೆ ಏನು ಮಾಡುವುದು? "ಎತ್ತರ ಎಷ್ಟಿತ್ತು ಅಂದ್ರೆ, 'ಬಾಗಿಲಿಗೆ ತಲೆ ತಾಗ್ತಿತ್ತು' ಅಂತಾರೆ. ಯಾವ ಬಾಗಿಲು ಅಂತ ಹುಡುಕ್ಲಿ ಹೇಳಿ?" ಚಾಚಿದ ಎರಡು ಕೈಗಳ ಅಳತೆಗೂ ಮನುಷ್ಯನ ಎತ್ತರಕ್ಕೂ ನಂಟಿದೆ ಎಂದು ಹಿರಿಯ ವೈದ್ಯರೊಬ್ಬರು ಹೇಳಿಕೊಟ್ಟರು. ಅಷ್ಟೇ ಸಾಕಾಯಿತು. ಅಣ್ಣ ಟೇಪು ಹಿಡಿದು ಆಸ್ಪತ್ರೆಯೆಲ್ಲ ಸುತ್ತಿದರು. ಕಾವಲುಗಾರ, ಅಡುಗೆಯವರು, ರೋಗಿಗಳನ್ನು ನೋಡಲು ಬಂದವರು, ಮನೆಗೆ ಊಟಕ್ಕೆ ಬಂದ ಭಾವಮೈದುನ, ಯಾರನ್ನೂ ಬಿಡಲಿಲ್ಲ. ಒಬ್ಬೊಬ್ಬರಿಗೆ ಗ್ರಾಫ್ ಹಾಳೆಯ ಮೇಲೆ ಒಂದೊಂದು ಚುಕ್ಕೆ. ಚುಕ್ಕೆಗಳು ಓರೆಯಾಗಿ ಮೇಲೇರಿದವು. ವೈದ್ಯರು ಲೆಕ್ಕ ಹಾಕಿ ನಡುವೆ ಗೆರೆ ಎಳೆದುಕೊಟ್ಟರು. ಅಲ್ಲಿಂದ ಮುಂದೆ ಕೈ ಅಳೆದರೆ ಸಾಕು, ಗೆರೆ ಎತ್ತರ ಹೇಳುತ್ತದೆ.

ಆದರೆ ಎಷ್ಟೋ ಚುಕ್ಕೆಗಳು ಗೆರೆಯ ಮೇಲಿರಲಿಲ್ಲ. ಕೆಲವು ಮೇಲೆ, ಕೆಲವು ಕೆಳಗೆ. ಒಂದೊಂದು ಚುಕ್ಕೆಯೂ ತಾನೇ ಕೈಯಾರೆ ಅಳೆದ ಜೀವ ಎಂಬುದನ್ನು ಅಣ್ಣ ಮರೆತುಬಿಟ್ಟರು. ಗೆರೆಯನ್ನೇ ತಲೆ ಮೇಲೆ ಹೊತ್ತು ಕುಣಿದರು ಪುಣ್ಯಾತ್ಮರು!

ಎಂಟು ವರ್ಷದ ಹಿಂದಿನ ಮಾತು. ಅಪಘಾತದಲ್ಲಿ ಎರಡೂ ಕಾಲು ಕಳೆದುಕೊಂಡ ಬಸ್ ಚಾಲಕರೊಬ್ಬರು ಬಂದರು. ಗೆರೆ ಹೇಳಿದ ಎತ್ತರಕ್ಕೆ ಅಣ್ಣ ಕಾಲು ಮಾಡಿದರು. ಚಾಲಕ ಕಂಬಿ ಹಿಡಿದು ಎದ್ದು ನಿಂತಾಗ ಎಲ್ಲರೂ ಚಪ್ಪಾಳೆ ತಟ್ಟಿದರು. ಹೆಂಡತಿ ಮಾತ್ರ ಗಂಡನ ಪಕ್ಕ ನಿಂತು ಮುಖ ಸಣ್ಣದು ಮಾಡಿಕೊಂಡಳು. "ಅಣ್ಣ, ಇವರು ಇಷ್ಟೇ ಎತ್ತರ ಇರ್ಲಿಲ್ಲ. ನನ್ನ ತಲೆ ಇವರ ಗಲ್ಲದ ಕೆಳಗೆ ಬರ್ತಿತ್ತು."

"ನಾನೇನಂದೆ ಗೊತ್ತಾ? 'ಮಲಗಿದ್ದೋರನ್ನೇ ನೋಡಿ ನೋಡಿ ನಿನಗೆ ಹಂಗನಿಸುತ್ತಮ್ಮ, ಲೆಕ್ಕ ತಪ್ಪಲ್ಲ' ಅಂದೆ. ಬಾಯಿ ಮುಚ್ಚಿಸಿ ಕಳಿಸಿದೆ. ಅಯ್ಯೋ, ಎಂಥಾ ಮೂರ್ಖ ನಾನು!"

ವರ್ಷ ಕಳೆದು ಕಾಲು ಬಿಗಿಯುವ ಪಟ್ಟಿ ಬದಲಿಸಲು ಬಂದಾಗ ಅವಳು ಸುಮ್ಮನೆ ಹೇಳಿದಳಂತೆ, ಮನೆಯಲ್ಲಿದ್ದ ಪ್ಯಾಂಟುಗಳನ್ನೆಲ್ಲ ಮೂರು ಮೂರು ಬೆರಳು ಕತ್ತರಿಸಿ ಹೊಲಿದೆ ಎಂದು. ಅವರನ್ನು ಮೂರು ಬೆರಳು ಗಿಡ್ಡ ಮಾಡಿದ್ದು ತಾನೇ ಎಂದು ಅಣ್ಣನಿಗೆ ಆಗ ಹೊಳೆಯಿತು. ಒಂದೇ ಒಂದು ಹಳೇ ಪ್ಯಾಂಟು ತರಿಸಿದ್ದರೆ ಸಾಕಿತ್ತು. ಸರಿಪಡಿಸುತ್ತೇನೆ ಎಂದು ಗೋಗರೆದರು. ಬಿದ್ದು ಎದ್ದು ನಡೆಯುವುದನ್ನು ಕಲಿತಿದ್ದ ಚಾಲಕ, ಮತ್ತೆ ಮೊದಲಿಂದ ಬೀಳುವ ಶಕ್ತಿ ತನಗಿಲ್ಲ ಎಂದು ಹೊರಟುಬಿಟ್ಟರು. ಅಂದಿನಿಂದ ಎರಡೂ ಕಾಲಿಲ್ಲದವರು ಯಾರೇ ಬರಲಿ, ಅಣ್ಣ ಮೊದಲು ಮನೆಯವರನ್ನು ಕೂರಿಸಿ ಕೇಳುತ್ತಾರೆ. ಹಳೇ ಬಟ್ಟೆ ತರಿಸುತ್ತಾರೆ. ಗೆರೆ ನೋಡುವುದು ಆಮೇಲೆ.

ಆ ಚಾಲಕರ ಹಳೇ ಕಾಲುಗಳು ಈಗ ಸವೆದಿವೆ. ಇಂದು ಹೊಸ ಜೋಡಿ. ಅಣ್ಣ ಈ ವರ್ಷವೇ ನಿವೃತ್ತರಾಗುತ್ತಾರೆ, ಇನ್ನೊಂದು ಅವಕಾಶ ಸಿಗುವುದಿಲ್ಲ.

ಬಾಗಿಲು ತೆರೆಯುವ ಹೊತ್ತಿಗೆ ಗಂಡ ಹೆಂಡತಿ ಬರುತ್ತಾರೆ. ಅಣ್ಣ ಸುತ್ತಿ ಬಳಸದೆ ಕೇಳಿಬಿಡುತ್ತಾರೆ: "ಈ ಸಲ ಎತ್ತರ ಸರಿ ಮಾಡ್ಲಾ?"

ಚಾಲಕ ಉದ್ದದ ಪೈಪುಗಳನ್ನು ನೋಡುತ್ತಾರೆ. "ಬೇಡ ಅಣ್ಣ. ಮೆಟ್ಟಿಲು, ಬಸ್ಸಿನ ಪಾವಟಿಗೆ, ಎಲ್ಲಾ ಈ ಎತ್ತರಕ್ಕೇ ಒಗ್ಗಿಹೋಗಿದೆ. ಆಗ ಬೇಕಿತ್ತು."

ಸಿಟ್ಟಿಲ್ಲ ಆ ಮಾತಿನಲ್ಲಿ. ಬೈದಿದ್ದರೇ ವಾಸಿಯಿತ್ತು ಅನಿಸುತ್ತದೆ ಅಣ್ಣನಿಗೆ. ಗರಗಸ ಕೈಗೆತ್ತಿಕೊಳ್ಳುತ್ತಾರೆ. ಅಷ್ಟರಲ್ಲಿ ಹೆಂಡತಿ ಗಂಡನ ತೋಳು ಮುಟ್ಟುತ್ತಾಳೆ. "ಕತ್ತರಿಸೋ ಮುಂಚೆ ಒಂದ್ಸಲ ನಿಂತುಕೊಳ್ರಿ. ನೋಡ್ತೀನಿ."

ಗ್ರಾಫ್ ಹಾಳೆಯಿಂದಲ್ಲ, ಅವಳಿಂದ ಮೊದಲೇ ತರಿಸಿಕೊಂಡಿದ್ದ ಹಳೇ ಫೋಟೋದಲ್ಲಿ ಅವರಿಬ್ಬರೂ ನಿಂತದ್ದನ್ನು ನೋಡಿ ಅಣ್ಣ ಪೈಪಿನ ಉದ್ದ ಗೊತ್ತುಮಾಡಿದ್ದಾರೆ. ಚಾಲಕ ಹೊಸ ಕಾಲು ತೊಟ್ಟು, ಕಂಬಿ ಹಿಡಿದು, ಹೆದರುತ್ತಲೇ ಮೇಲೇಳುತ್ತಾರೆ. ಅವಳು ಹತ್ತಿರ ಸರಿದು ನಿಲ್ಲುತ್ತಾಳೆ. ತಲೆ ನೇರ ಗಲ್ಲದ ಕೆಳಗೆ ಹೋಗಿ ಕೂರುತ್ತದೆ. ಯಾರೂ ಚಪ್ಪಾಳೆ ತಟ್ಟುವುದಿಲ್ಲ.

"ಸಾಕು ಅಣ್ಣ, ಕತ್ತರಿಸಿಬಿಡಿ," ಎನ್ನುತ್ತಾರೆ ಚಾಲಕ.

ಅಣ್ಣ ಗರಗಸವನ್ನು ಮೇಜಿನ ಮೇಲಿಡುತ್ತಾರೆ. "ನೀವು ಹೇಳಿದ್ರೆ ಆಗಲ್ಲ. ಅವಳು ಸಾಕು ಅನ್ಲಿ."

ಅವಳಿನ್ನೂ ಹೇಳಿಲ್ಲ.